ಮುಂದಿನ ಚಕ್ರ: ಸಿಗ್ನಲ್ ಇಲ್ಲ

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಚೈನಿಗೆ ಎಣ್ಣೆ, ಟೈರಿಗೆ ಗಾಳಿ, ಬೈಕಿಗೆ ಸ್ನಾನ. ಎಲ್ಲ ಮನೆಯಲ್ಲೇ, ಎಲ್ಲ ನಾನೇ. ಹ್ಯಾಂಡಲ್ಲಿಗೆ ಚೆಂಡು ಹೂವಿನ ಹಾರ, ಮುಂದಿನ ಫೋರ್ಕಿಗೆ ಆ ಕಡೆ ಈ ಕಡೆ ಬಾಳೆಕಂದು. ದಾರ ನಿಲ್ಲಲಿಲ್ಲ. ಬೈಂಡಿಂಗ್ ವೈರ್ ಸುತ್ತಿ ಇಕ್ಕಳದಲ್ಲಿ ತಿರುವಿ ಬಿಗಿದೆ. ರಮ್ಯಶ್ರೀ ಆರತಿ ತಟ್ಟೆ ಹಿಡಿದು ಕಾಯುತ್ತಿದ್ದವಳು, ಬಾಳೆಕಂದು ಕಟ್ತಿದೀರೋ ಮನೆ ಮೋಲ್ಡಿಂಗಿಗೆ ಕಂಬಿ ಕಟ್ತಿದೀರೋ ಎಂದಳು.

ನಿಂಬೆಹಣ್ಣು ಚಪ್ಪಟೆ, ಕುಂಬಳಕಾಯಿ ಚೂರು. ನನ್ನ ಗಾಡಿ ಇನ್ನು ಒಂದು ವರ್ಷ ಜೋರು.

ಅಕ್ಟೋಬರ್ 4, ಶನಿವಾರ

ಬಾಡಿದ ಹಾರ, ಬಾಳೆ ಕಿತ್ತು ಕಸದ ಆಟೋಗೆ ಹಾಕಿದೆ. ಅವಸರದಲ್ಲಿ. ರುದ್ರಮುನಿ ಬಂದು ನಿಂತಿದ್ದ — ರಮ್ಯಶ್ರೀಯ ತಮ್ಮ, ಕೆಂಗೇರಿ ಉಪನಗರದಲ್ಲಿ ನಮ್ಮತ್ತೆಯ ಜೊತೆ ಇರುವವನು. ಅವನ ಸ್ಕೂಟರ್ ಮಲಗಿದೆ. ಹಾರ್ಡ್‌ವೇರ್ ಅಂಗಡಿಯ ಕೆಲಸ, ಬ್ಯಾಡರಹಳ್ಳಿ ಕಡೆ ಸೈಟು ಸೈಟು ಸುತ್ತಿ ಆರ್ಡರ್ ತರಬೇಕು. ಒಂದು ವಾರ ಬೈಕು ಬೇಕಂತೆ. ಕೊಟ್ಟೆ. ಹೋದ ವರ್ಷದ ಗೌರಿ ಹಬ್ಬದಿಂದ ಕುಡಿತ ಮುಟ್ಟಿಲ್ಲ ಅವನು. ಕೊಡಬಹುದು.

ಕೊಡುವಾಗ ಅವನ ಮುಖ ನೋಡಿದೆ. ಬೈಕು ಕೊಟ್ಟದ್ದಕ್ಕಲ್ಲ, ಎರಡು ಮಾತು ಕೇಳದೆ ಕೊಟ್ಟದ್ದಕ್ಕೆ ಖುಷಿ.

ಅಕ್ಟೋಬರ್ 11, ಶನಿವಾರ

ಬೈಕು ವಾಪಸ್. ತೊಳೆದು, ಟ್ಯಾಂಕ್ ತುಂಬಿಸಿ ತಂದಿದ್ದ. ಆದರೆ ಎಬಿಎಸ್ ದೀಪ ಆರುತ್ತಿಲ್ಲ. ಕೀ ತಿರುಗಿಸಿದಾಗ ಹತ್ತಬೇಕು, ಗಾಡಿ ಹೊರಟ ಮೇಲೆ ಆರಬೇಕು. ಹೌಸಿಂಗ್ ಬೋರ್ಡ್ ಸಿಗ್ನಲ್‌ವರೆಗೂ ಉರಿಯಿತು. ದೀಪಾವಳಿಗೆ ಮುಂಚೆಯೇ ನಮ್ಮಲ್ಲಿ ದೀಪ.

ಗಟ್ಟಿಯಾಗಿ ಬ್ರೇಕ್ ಹಿಡಿದರೆ ಚಕ್ರ ಕಚ್ಚಿ ಜಾರದಂತೆ ಕಾಯುವುದು ಆ ಎಬಿಎಸ್. ಸಣ್ಣ ವಿಷಯ ಅಲ್ಲ. ಮುನಿಗೆ ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ನಾನೇ ಕಂಡುಹಿಡಿಯುತ್ತೇನೆ.

ಅಕ್ಟೋಬರ್ 12, ಭಾನುವಾರ

ಬೆಳಗಿನಿಂದ ಆಪ್ ಹುಡುಕಾಟ. ಒಂದರಲ್ಲಿ ಜಾಹೀರಾತೇ ಎಂಜಿನ್. ಇನ್ನೊಂದು ಚೆಂದ, ಆದರೆ ಕಾರಿಗೆ ಮಾತ್ರ. ಮೂರನೆಯದು ಮೊದಲು ನನ್ನ ಕಾಂಟ್ಯಾಕ್ಟ್ಸ್ ಎಲ್ಲ ಕೇಳಿತು. ನನ್ನ ಬೈಕಿನ ಚಕ್ರಕ್ಕೂ ನಮ್ಮ ಕಾಲೇಜು ಪ್ರಿನ್ಸಿಪಾಲರ ನಂಬರಿಗೂ ಏನು ಸಂಬಂಧವೋ.

ಆಪ್ ಒಂದೇ ಸಾಲದು. ಬೈಕಿನ ಸಾಕೆಟ್ಟಿಗೆ ಚುಚ್ಚಲು ಬ್ಲೂಟೂತ್ ಅಡಾಪ್ಟರ್ ಬೇಕು. ‘ಪ್ರೋ’ ಮಾದರಿಯದನ್ನೇ ಆರ್ಡರ್ ಮಾಡಿದೆ.

ಅಕ್ಟೋಬರ್ 15, ಬುಧವಾರ

ಅಡಾಪ್ಟರ್ ಬಂತು. ಬೈಕಿನ ಸಾಕೆಟ್ಟಿಗೆ ಕೂರದು. ಅದಕ್ಕೆ ಬೇರೆ ಕೇಬಲ್. ಪೇಟೆಯಲ್ಲಿ ಕೇಬಲ್ ಸಿಕ್ಕಿತು, ಆಪ್ ಓದಿತು — ಎಂಜಿನ್ನಿನಲ್ಲಿ ದೋಷವಿಲ್ಲ, ಶುಭವಾಗಲಿ. ದೀಪ ಮಾತ್ರ ಉರಿಯುತ್ತಲೇ ಇದೆ. ಈ ಜಾತಿಯ ಆಪ್ ಎಂಜಿನ್ ಮಾತ್ರ ಓದುತ್ತದಂತೆ, ಬ್ರೇಕಿನ ಕಡೆ ತಿರುಗಿಯೂ ನೋಡುವುದಿಲ್ಲವಂತೆ.

ಕೊಂಡಿದ್ದು ಪ್ರೋ, ಕಂಡಿದ್ದು ಝೀರೋ.

ಅಕ್ಟೋಬರ್ 19, ಭಾನುವಾರ

ಎರಡನೇ ಟೂಲ್. ಇದಕ್ಕೆ ಪುಟ್ಟ ಪರದೆ ಇದೆ, ಎಬಿಎಸ್ಸೂ ಓದುತ್ತದೆ. ಓದಿತು. ಮುಂದಿನ ಚಕ್ರದ ಸೆನ್ಸರ್: ಸಿಗ್ನಲ್ ಇಲ್ಲ. ಕೆಳಗೆ ಸಲಹೆಗಳು. ಮೊದಲನೆಯದು, ಕೇಬಲ್ ಉದ್ದಕ್ಕೂ ಕಣ್ಣಿನಿಂದ ಪರೀಕ್ಷಿಸಿ. ನಕ್ಕೆ. ಕಣ್ಣಲ್ಲಿ ನೋಡುವುದಾದರೆ ನಿನ್ನನ್ನೇಕೆ ತರಿಸಬೇಕಿತ್ತು?

ಮುಂದಿನ ಚಕ್ರ... ವಾರವೆಲ್ಲ ಬೈಕು ಅವನ ಹತ್ತಿರ ಇತ್ತು. ತೊಳೆದು ತಂದ. ಯಾಕೆ ತೊಳೆದ?

ಸ್ಕ್ರೀನ್ ಫೋಟೋ ತೆಗೆದು ಇಟ್ಟುಕೊಂಡೆ.

ಅಕ್ಟೋಬರ್ 22, ಬುಧವಾರ. ಬಲಿಪಾಡ್ಯಮಿ

ಅತ್ತೆ ಮನೆಯಲ್ಲಿ ಹಬ್ಬದೂಟ. ಅಳಿಯ ಅಂತ ನನಗೇ ಮೊದಲ ಎಲೆ. ಕಜ್ಜಾಯ ಬಿದ್ದಿತ್ತು, ತುಪ್ಪ ಬಿದ್ದಿತ್ತು, ನನ್ನ ಮಾತೂ ಬಿತ್ತು.

"ಮುನಿ, ಬೈಕ್ ಎಲ್ಲಿ ಕೆಡವಿದೆ?"

ಅವನು ತಲೆ ಎತ್ತಿದ. ಇಲ್ಲ ಭಾವ, ಬಿದ್ದಿದ್ರೆ ಹೇಳ್ತಿದ್ದೆ ಎಂದ. ಫೋನ್ ತೆಗೆದು ಸಾಲಿನಲ್ಲಿದ್ದ ಎಲ್ಲರಿಗೂ ಫೋಟೋ ತೋರಿಸಿದೆ. ಮಾವನ ತಮ್ಮ, ಚಿಕ್ಕಮಾವನವರು, ಕನ್ನಡಕ ಹಾಕಿಕೊಂಡು ನೋಡಿದರು.

"ಮಷಿನ್ ಸುಳ್ಳು ಹೇಳಲ್ಲ ಕಣೋ. ಹಳೇದು ಮತ್ತೆ ಶುರುವಾಯ್ತಾ?" ಎಂದೆ ಮುನಿಗೆ.

ಸಾರು ಬಡಿಸುತ್ತಿದ್ದ ಅತ್ತೆ ಸೌಟು ಪಾತ್ರೆಯಲ್ಲೇ ಬಿಟ್ಟು ಅವನ ಬಾಯನ್ನೇ ನೋಡಿದರು. ಕಣ್ಣನ್ನಲ್ಲ, ಬಾಯನ್ನು. ಅವನು ಎಲೆ ಮಡಚಿ ಎದ್ದ. ಕಜ್ಜಾಯ ಮುರಿದೂ ಇರಲಿಲ್ಲ.

ಬರುವಾಗ ರಮ್ಯಶ್ರೀ ಮೈಸೂರು ರಸ್ತೆ ಮುಗಿಯುವವರೆಗೂ ನನ್ನ ಹೆಗಲು ಬಿಟ್ಟು ಹಿಂದಿನ ಕಂಬಿ ಹಿಡಿದು ಕೂತಿದ್ದಳು. ನಾನು ಕೇಳಿದ್ದರಲ್ಲಿ ತಪ್ಪೇನಿದೆ?

ಅಕ್ಟೋಬರ್ 26, ಭಾನುವಾರ

ಹೊಸ ಸೆನ್ಸರ್ ತರಿಸುವ ಮುಂಚೆ ಹಳೆಯದನ್ನು ಬಿಚ್ಚೋಣ ಅಂತ ಕೂತೆ. ಫೋರ್ಕಿನ ಹಿಂದೆ ಬೆರಳಿಗೆ ಏನೋ ಚುಚ್ಚಿತು.

ಬೈಂಡಿಂಗ್ ವೈರ್. ಬಾಳೆ ಕಿತ್ತಾಗ ಒಳಗಡೆ ಉಳಿದ ಸುತ್ತು. ಸೆನ್ಸರ್ ಕೇಬಲನ್ನೂ ಸೇರಿಸಿ ಬಿಗಿದಿದ್ದೇನೆ. ಹ್ಯಾಂಡಲ್ ತಿರುಗಿದಾಗೆಲ್ಲ ಅದು ಕೇಬಲ್ ಕೊಯ್ದಿದೆ. ತಂತಿಯ ಗಂಟಿನಲ್ಲಿ ಚೆಂಡು ಹೂವಿನ ಒಂದು ಎಸಳು, ಒಣಗಿದ್ದು.

ಕೇಬಲ್ ಸರಿಮಾಡಿ ಟೇಪ್ ಸುತ್ತಿದೆ. ಟೂಲ್ ಕೇಳಿತು: ದೋಷ ಅಳಿಸಬೇಕೇ? ಹೌದು ಒತ್ತಿದೆ. ರಸ್ತೆ ಕೊನೆಯವರೆಗೆ ಓಡಿಸಿದೆ. ದೀಪ ಆರಿತು.

ಏನ್ ಗೊತ್ತಾಯ್ತು ಅಂತ ರಮ್ಯಶ್ರೀ ಕಿಟಕಿಯಿಂದ ಕೇಳಿದಳು. ನೋಡ್ತಾ ಇದೀನಿ ಕಣೇ ಎಂದೆ.

ಮಷಿನ್ ಸುಳ್ಳು ಹೇಳಲಿಲ್ಲ, ನಿಜ. ಅದು ಹೇಳಿದ್ದು ಸಿಗ್ನಲ್ ಇಲ್ಲ ಅಂತ ಅಷ್ಟೇ. ಬಿದ್ದ, ಕುಡಿದ — ಇವೆರಡೂ ನಾನು ಸೇರಿಸಿದ್ದು.

ತಂತಿಗೆ ಪ್ರಾಸ ಹುಡುಕಿದೆ. ಶಾಂತಿ ಬಂತು. ಹೊಡೆದುಹಾಕಿದೆ.

ನವೆಂಬರ್ 2, ಭಾನುವಾರ

ಇದನ್ನು ಬರೆಯಲೇಬೇಕು.

ಹತ್ತು ಗಂಟೆಗೆ ರುದ್ರಮುನಿ ಬಂದ. ಬಸ್ಸಿನಲ್ಲಿ. ಕೈಯಲ್ಲಿ ಹೊಸ ಸೆನ್ಸರ್, ಪ್ಯಾಕೆಟ್ ಸಮೇತ. ಒಳಗೆ ಬಾ ಎಂದರೆ ಬರಲಿಲ್ಲ, ಬೈಕಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

"ನಾನು ಬಿದ್ದಿರಬೋದು ಭಾವ. ನೆನಪಿಲ್ಲ. ಆಗಲೂ ಹಂಗೇ ಆಗ್ತಿತ್ತು, ಬಿದ್ದಿದ್ದು ಬೆಳಗ್ಗೆ ನೀವು ಹೇಳಿದ ಮೇಲೇ ಗೊತ್ತಾಗ್ತಿತ್ತು."

ಬೇಡ ಬಿಡೋ ಎಂದೆ. ಅದು ಉಪಚಾರದ ಮಾತು ಅಂದುಕೊಂಡ. ಕೀ ತಿರುಗಿಸಿದ. ನಿಂತ ಗಾಡಿಯಲ್ಲಿ ದೀಪ ಹತ್ತುವುದು ಸಹಜ. ಅವನಿಗೆ ಗೊತ್ತಿಲ್ಲ. ನೋಡಿ, ಇನ್ನೂ ಉರೀತಿದೆ ಎಂದ. ನನಗೆ ಗೊತ್ತಿತ್ತು. ಜೇಬಿನಲ್ಲಿ ತಂತಿಯೂ ಇತ್ತು. ಬಾಯಿ ತೆರೆದೆ, ಹತ್ತರ ಸ್ಪ್ಯಾನರ್ ಆ ಡಬ್ಬಿಯಲ್ಲಿದೆ ಎಂದೆ.

ಸರಿಯಾಗಿದ್ದ ಸೆನ್ಸರ್ ಬಿಚ್ಚಿ ತನ್ನದನ್ನು ಕೂರಿಸಿದ. ಮಂಡಿ ಧೂಳಾಯಿತು. ರಸ್ತೆ ಕೊನೆಯವರೆಗೆ ಹೋಗಿ ಬಂದ.

"ಆರೋಯ್ತು ಭಾವ."

ಆ ಮುಖ. ಪಾಪ ಕಳೆದವನ ಮುಖ. ಕಾಫಿ ಕುಡಿಯದೆ ಹೋದ. ನಾನು ಗೇಟಿನವರೆಗೆ ಹೋಗಿ ಕೈ ಬೀಸಿದೆ. ಕೈ ಬೀಸಿದೆ, ಅಷ್ಟೇ.

ಪ್ರಾಸ ಇಲ್ಲ ಇವತ್ತು.

ನವೆಂಬರ್ 9, ಭಾನುವಾರ

ರಮ್ಯಶ್ರೀ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿ ಬಂದು ಅಡುಗೆಮನೆಯಲ್ಲಿ ಒಲೆ ಆರಿಸಿದಳು. ಕೇಳಿದೆ. ದಿನಾ ಸಂಜೆ ಮುನಿ ಬಂದಾಗ ಅತ್ತೆ ಬಾಗಿಲಲ್ಲೇ ಅವನ ಬಾಯಿ ಮೂಸಿ ನೋಡುತ್ತಾರಂತೆ. ಮೊದಲು ಎರಡು ದಿನ ಬಯ್ದನಂತೆ. ಈಗ ತಾನೇ ಬಾಯಿ ತೆರೆದು ನಿಲ್ಲುತ್ತಾನಂತೆ.

ಇನ್ನು ಗಾಡಿ ಮುಟ್ಟಲ್ಲ ಅಂತ ಅಂಗಡಿಯಲ್ಲಿ ಹೇಳಿದ್ದಾನೆ. ಸೈಟು ಸುತ್ತುವ ಕೆಲಸ ಬೇರೆಯವನಿಗೆ ಹೋಗಿದೆ. ಕುಡಿಯದೆಯೂ ಮರೆವು ಬಂದಿದೆ ಅಂದರೆ ತಲೆಗೇ ಏನೋ ಆಗಿದೆ ಅಂತ ಡಾಕ್ಟರ ಹತ್ತಿರ ಹೋಗಲು ಚೀಟಿ ಮಾಡಿಸಿದ್ದಾನಂತೆ.

"ನಿಮ್ಮ ಮಷಿನ್‌ಗೆ ಮನುಷ್ಯರನ್ನ ಚೆಕ್ ಮಾಡೋಕೆ ಬರಲ್ವಾರೀ?" ಎಂದಳು. ಕೋಪದಿಂದಲ್ಲ. ಸುಮ್ಮನೆ.

ಫೋನಿನಲ್ಲಿ ಬರೆದೆ — ಮುನಿ, ತಪ್ಪು ನಂದು. ಅಳಿಸಿದೆ. ಮತ್ತೆ ಬರೆದೆ, ಅಳಿಸಿದೆ. ದೋಷ ಅಳಿಸುವುದು ಚೆನ್ನಾಗಿ ಕಲಿತಿದ್ದೇನೆ.

ಎಲೆಯ ಮುಂದೆ, ಎಲ್ಲರೆದುರು ಆಡಿದ ಮಾತು. ಮೆಸೇಜಿನಲ್ಲಿ ಗುಟ್ಟಾಗಿ ಹಿಂದೆ ತೆಗೆದುಕೊಳ್ಳುವುದು ಹೇಗೆ?

ನವೆಂಬರ್ 10, ಸೋಮವಾರ. ಸಂಜೆ, ಕೆಂಗೇರಿ ಉಪನಗರ

ಅತ್ತೆ ಮನೆ ಹಾಲ್. ರಮ್ಯಶ್ರೀಗೆ ಯಾಕೆ ಅಂತ ಹೇಳದೆ ಜೊತೆಗೆ ಕರೆತಂದೆ. ಚಿಕ್ಕಮಾವನವರಿಗೂ ಬರಲು ಹೇಳಿದ್ದೆ, ಬಂದಿದ್ದಾರೆ. ಏನ್ ಅಳಿಯಂದ್ರೆ, ಮತ್ತೇನಾದ್ರೂ ಫೋಟೋ ತಂದ್ರಾ ಎಂದರು. ಇಲ್ಲ ಎಂದೆ.

ಟೀಪಾಯಿಯ ಮೇಲೆ ತಂತಿ ಇಟ್ಟಿದ್ದೇನೆ. ಹೂವಿನ ಎಸಳು ಇನ್ನೂ ಗಂಟಿನಲ್ಲೇ ಇದೆ. ರಮ್ಯಶ್ರೀ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಬಾಳೆಕಂದು ಕಟ್ಟಿದ ದಿನ ಅವಳಿಗೂ ನೆನಪಾಗಿರಬೇಕು. ಸ್ವಲ್ಪ ದೂರ ಸರಿದು ಕೂತಳು.

ಮುನಿ ಬರುವವರೆಗೆ ಇದನ್ನು ಬರೆಯುತ್ತಿದ್ದೇನೆ. ಏನು ಹೇಳಬೇಕು ಅಂತ ಬೆಳಗಿನಿಂದ ಜೋಡಿಸಿಕೊಂಡಿದ್ದೆ, ಈಗ ಒಂದೂ ಇಲ್ಲ.

ಗೇಟಿನ ಸದ್ದು. ಅವನೇ. ಚಪ್ಪಲಿ ಬಿಡುತ್ತಿದ್ದಾನೆ. ಅತ್ತೆ ಎದ್ದು ಬಾಗಿಲಿಗೆ ಹೋಗುತ್ತಿದ್ದಾರೆ. ಅವನು ಬಾಯಿ ತೆರೆಯುವ ಮುಂಚೆ ನಾನು ತೆರೆಯಬೇಕು—