ಮೂರು ರುಮಾಲಿನ ಸಭೆ

ಬೆಳಗಾವಿ,
೨೦ ಅಕ್ಟೋಬರ್ ೧೯೨೬

ಪ್ರೀತಿಯ ಕುಂದಕ್ಕನಿಗೆ,

ನಿನ್ನ ತಂಗಿ ಕುಮುದಿನಿ ಮಾಡುವ ನಮಸ್ಕಾರಗಳು. ನಿನ್ನ ಕಾಗದ ನವರಾತ್ರಿಗೆ ಮೊದಲೇ ಬಂದಿತ್ತು. ದಸರೆಯ ಬನ್ನಿ ದೇವರ ಮುಂದೆ ಒಣಗುತ್ತಿರುವಾಗ ಉತ್ತರ ಬರೆಯಲು ಕುಳಿತಿದ್ದೇನೆ. ಇಷ್ಟು ತಡವಾದದ್ದಕ್ಕೆ ಕೆಲಸದ ನೆವ ಹೇಳುವುದಿಲ್ಲ. ಕೆಲಸ ಇರಲಿಲ್ಲ, ಧೈರ್ಯ ಇರಲಿಲ್ಲ. ಈ ಕಡೆ ಎಲ್ಲರೂ ಕ್ಷೇಮ ಎಂದು ಬರೆದೆ, ಹೊಡೆದುಹಾಕಿದೆ, ಈಗ ಮತ್ತೆ ಬರೆಯುತ್ತಿದ್ದೇನೆ. ತಾತ್ಯಾರ ಕೆಮ್ಮು ಕಡಿಮೆಯಾಗಿದೆ. ಅವ್ವ ನೆಟ್ಟ ಪಾರಿಜಾತ ಈ ವರ್ಷವೂ ಅಂಗಳ ತುಂಬ ಹೂ ಚೆಲ್ಲುತ್ತಿದೆ. ಆರಿಸಲು ನಾನೊಬ್ಬಳೇ. ಅರ್ಧ ಅಲ್ಲಿಯೇ ಬಾಡುತ್ತವೆ.

ನೀನು ಕೇಳಿದ್ದು ಒಂದೇ ಮಾತು. ನಿನ್ನ ಹೆರಿಗೆಯ ದಿನ ತಾನು ಬೆಳಗಾವಿಗೆ ಆಳು ಕಳಿಸಿದ್ದೆನೆಂದು ಸೂಲಗಿತ್ತಿ ಸಂಗವ್ವ ಊರಲ್ಲೆಲ್ಲ ಹೇಳುತ್ತಾಳೆ, ನಿನ್ನ ಅತ್ತೆ ಅದು ಸುಳ್ಳು ಎನ್ನುತ್ತಾರೆ. ‘ನೀನು ಮನೆಯಲ್ಲೇ ಇದ್ದೆಯಲ್ಲ, ಯಾರಾದರೂ ಬಂದಿದ್ದರೇ? ನನಗೊಬ್ಬಳಿಗೇ ತಿಳಿಸು’ ಎಂದು ಬರೆದಿದ್ದೀ. ಹೇಳುತ್ತೇನೆ. ಆದರೆ ಮೊದಲು ನಮ್ಮ ಮಂಡಳಿಯ ವಿಷಯ ಹೇಳಬೇಕು. ನೀನು ಮದುವೆಯಾಗಿ ಖಾನಾಪುರಕ್ಕೆ ಹೋದ ಮೇಲೆ ಹುಟ್ಟಿದ್ದು ಅದು.

ಸೂಲಗಿತ್ತಿಯರನ್ನು ಪರೀಕ್ಷೆ ಮಾಡಿ, ಯೋಗ್ಯರಾದವರಿಗೆ ಹಿತ್ತಾಳೆಯ ಬಿಲ್ಲೆ ಕೊಡುವುದು, ತಪ್ಪು ಮಾಡಿದವರ ಬಿಲ್ಲೆ ಕಿತ್ತುಕೊಳ್ಳುವುದು ಈ ಮಂಡಳಿಯ ಕೆಲಸ. ಹಿರಿಯರು ಮೂವರು. ಅಧ್ಯಕ್ಷರು ನಮ್ಮ ತಾತ್ಯಾ. ಅಪ್ಪನ ಸ್ವಭಾವ ನಿನಗೆ ಗೊತ್ತಲ್ಲ, ಸರಕಾರಿ ದವಾಖಾನೆಯ ಕಚೇರಿ ಕೆಲಸದಿಂದ ಪೆನ್ಶನ್ ಪಡೆದ ಮೇಲೂ ಅವರಿಗೆ ಸುಮ್ಮನೆ ಕೂರಲು ಬರಲಿಲ್ಲ. ಎರಡನೆಯವರು ವಕೀಲ ದುಂಡಪ್ಪನವರು. ಮೂರನೆಯವರು ನಿಮ್ಮ ಊರಿನ ಡಾಕ್ಟರ್ ಬಾಳಕೃಷ್ಣಪಂತರು. ನಮ್ಮ ಮನೆಯ ಮಾಳಿಗೆಯಲ್ಲೇ ಸಭೆ. ಮೂವರೂ ಕುಳಿತಿದ್ದರೆ ಮಾತ್ರ ಪರೀಕ್ಷೆ, ಒಬ್ಬರು ಎದ್ದರೂ ಅಲ್ಲಿಗೆ ನಿಲ್ಲಬೇಕು. ಮೂವರ ತಲೆಯ ಮೇಲಿನ ರುಮಾಲು ನೋಡಿ ಹಳ್ಳಿಯ ಹೆಂಗಸರು ಇದಕ್ಕೆ ಮೂರು ರುಮಾಲಿನ ಸಭೆ ಎಂದು ಹೆಸರಿಟ್ಟಿದ್ದಾರೆ.

ಬಸುರಿ ಬಾಣಂತಿಯರ ಸಂಗತಿಯನ್ನು ಗಂಡಸರ ಎದುರು ಆಡಲು ಆ ಹೆಂಗಸರಿಗೆ ನಾಚಿಕೆ. ಅದಕ್ಕೆ ಮಾಳಿಗೆಯ ನಡುವೆ ಒಂದು ಪರದೆ. ಅವರು ಪರದೆಯ ಒಳಗೆ ನನ್ನ ಮುಂದೆ ಕುಳಿತು ಹೇಳುತ್ತಾರೆ, ನಾನು ಹೊರಗೆ ಬಂದು ರುಮಾಲುಗಳಿಗೆ ತಲುಪಿಸುತ್ತೇನೆ. ನನ್ನದು ಎಂದು ಒಂದು ಮಾತನ್ನೂ ಸೇರಿಸಬಾರದು. ಧಾರವಾಡದಲ್ಲಿ ಬಿ.ಎ. ಮಾಡಿ ಕಾವ್ಯ ಓದಿಕೊಂಡು ಬಂದವಳಿಗೆ ಇದು ಎಂಥ ಉದ್ಯೋಗ ಎಂದು ಚಿಕ್ಕಮ್ಮ ನಗುತ್ತಾಳೆ. ಮಾತಾಡಲು ಹೆದರುವ ನನಗೆ ಬೇರೆಯವರ ಮಾತು ಹೊರುವ ಕೆಲಸ ಹಿತವಾಗಿಯೇ ಇತ್ತು.

ತಾತ್ಯಾರ ಬಗ್ಗೆ ನನಗೆ ಎಷ್ಟು ಅಭಿಮಾನವಿತ್ತು ಎಂಬುದನ್ನೂ ಬರೆಯಬೇಕು. ಬೇಸಿಗೆಯಲ್ಲಿ ಒಮ್ಮೆ ಪರೀಕ್ಷೆ ನಡೆದಿತ್ತು. ಶಹಾಪುರದ ನೇಕಾರನೊಬ್ಬ ಓಡಿಬಂದ, ಹೆಂಡತಿಗೆ ಹೆರಿಗೆ ಕಷ್ಟವಾಗಿದೆ ಎಂದ. ತಾತ್ಯಾ ಹೆಸರು ಸಹ ಕೇಳಲಿಲ್ಲ. ಸಭೆಯನ್ನು ಅಲ್ಲಿಗೇ ನಿಲ್ಲಿಸಿ, ಬಾಳಕೃಷ್ಣಪಂತರನ್ನು ನಮ್ಮ ಟಾಂಗಾದಲ್ಲಿ ಕೂರಿಸಿ ಕಳಿಸಿದರು. ದೂರದಿಂದ ಬಂದಿದ್ದ ಸೂಲಗಿತ್ತಿಯರು ಸಂಜೆಯವರೆಗೆ ಪಡಸಾಲೆಯಲ್ಲಿ ಕಾದರು. ಒಬ್ಬಳೂ ಗೊಣಗಲಿಲ್ಲ. ತಾಯಿ ಮಗು ಇಬ್ಬರೂ ಉಳಿದರು. ಆ ನೇಕಾರ ಆಮೇಲೆ ಒಂದು ಹಸಿರು ಖಣ ತಂದುಕೊಟ್ಟ. ತಾತ್ಯಾ ಪುಕ್ಕಟೆ ತೆಗೆದುಕೊಳ್ಳದೆ ಬೆಲೆ ಕೊಟ್ಟು ಇಟ್ಟುಕೊಂಡರು, ನಿನ್ನ ಮಗುವಿನ ತಲೆಗೆ ಕುಂಚಗಿ ಹೊಲಿಸುವುದಕ್ಕೆ.

ಈಗ ಶ್ರಾವಣದ ಆ ದಿನ. ಹೌದು ಅಕ್ಕಾ, ಬಂದಿದ್ದರು. ಸಂಗವ್ವನ ತಮ್ಮ ಭರಮಪ್ಪ ಬೆಳಗಿನ ರೈಲಿಗೆ ಬಂದಿದ್ದ. ಗಂಡಸು ಡಾಕ್ಟರ್ ಬಾಣಂತಿಯ ಕೋಣೆಗೆ ಕಾಲಿಡಬಾರದು ಎಂದು ನಿನ್ನ ಅತ್ತೆ ಹಟ ಹಿಡಿದದ್ದರಿಂದ ಸಂಗವ್ವ ಹಿತ್ತಲ ಬಾಗಿಲಿನಿಂದ ಅವನನ್ನು ಅಟ್ಟಿದ್ದಳಂತೆ. ಮೊದಲು ನಿಮ್ಮ ಊರಿನ ಡಾಕ್ಟರರ ಮನೆಗೇ ಹೋಗಿದ್ದ. ಅವರು ಸಭೆಗೆ ಬೆಳಗಾವಿಗೆ ಹೋಗಿದ್ದಾರೆ ಎಂದು ಅಲ್ಲಿ ಹೇಳಿದರು. ಅದಕ್ಕೇ ನಮ್ಮ ಬಾಗಿಲಿಗೆ ಬಂದ. ನಾನೇ ಬಾಗಿಲು ತೆರೆದೆ. ಮಗು ಅಡ್ಡ ತಿರುಗಿದೆ, ಮಧ್ಯಾಹ್ನದ ರೈಲಿಗೆ ಡಾಕ್ಟರರನ್ನು ಕರೆದುಕೊಂಡೇ ಹೋಗಬೇಕು ಎಂದ. ನಾನು ಮಾಳಿಗೆ ಹತ್ತಿ ತಾತ್ಯಾರ ಕಿವಿಯಲ್ಲಿ ಸುದ್ದಿ ಹೇಳಿದೆ. ಅವರು ಕಣ್ಣು ಮುಚ್ಚಿ ತೆರೆದರು.

“ಪರೀಕ್ಷಾ ಮುಗೀಲಿ. ಕುಂದರಸು ಅವನ್ನ” ಎಂದರು.

ಇಳಿದು ಬಂದು ಭರಮಪ್ಪನಿಗೆ ಹಾಗೆಯೇ ಹೇಳಿದೆ. ಅವನು ಬೇಡ ಬೇಡ ಎಂದರೂ ಚಹಾ ಕೊಟ್ಟೆ, ಚುರುಮುರಿ ಕೊಟ್ಟೆ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮಾಳಿಗೆಯ ಮೆಟ್ಟಿಲನ್ನೇ ನೋಡುತ್ತ ಕುಡಿದ. ಮಧ್ಯಾಹ್ನದ ರೈಲು ಹೋದ ಸದ್ದು ನಮ್ಮ ಪಡಸಾಲೆಗೆ ಕೇಳಿಸಿತು. ಪರೀಕ್ಷೆ ಮುಗಿದ ಮೇಲೆ ಬಾಳಕೃಷ್ಣಪಂತರಿಗೆ ವಿಷಯ ಗೊತ್ತಾಯಿತು. ಸಂಜೆಯ ರೈಲಿಗೆ ಅವರು ಹೋದರು. ಮುಂದಿನದು ನನಗಿಂತ ನಿನಗೆ ಗೊತ್ತು.

ಮರುದಿನ ತಾತ್ಯಾ ಬಂದು ನಿನ್ನ ತಲೆಯ ಮೇಲೆ ಕೈ ಇಟ್ಟು ಕುಳಿತಿದ್ದರಲ್ಲ, ಅದನ್ನು ನೀನು ದುಃಖ ಎಂದುಕೊಂಡೆ. ದುಃಖವೇ. ಆದರೆ ಅದೊಂದೇ ಅಲ್ಲ.

ಇಲ್ಲಿಗೆ ನಿಂತಿದ್ದರೂ ಸಾಕಿತ್ತು. ನಿನ್ನ ಅತ್ತೆಯ ಮಾತು ಕೇಳಿ ಮಾರ್ತಾಂಡ ಭಾವ ಅರ್ಜಿ ಕೊಟ್ಟರು: ಸೂಲಗಿತ್ತಿ ಸಂಗವ್ವ ಹೊತ್ತಿಗೆ ಸರಿಯಾಗಿ ಡಾಕ್ಟರರಿಗೆ ತಿಳಿಸಲಿಲ್ಲ, ಮಗು ಹೋಯಿತು ಎಂದು. ಹೋದ ತಿಂಗಳು ವಿಚಾರಣೆ. ಸಭೆ ಶುರುವಾಗುವಾಗ ತಾತ್ಯಾ ಎದ್ದು ನಿಂತು, ಇದು ತಮ್ಮ ಮಗಳ ಮನೆಯ ಸಂಗತಿ, ನ್ಯಾಯಕ್ಕೆ ಧಕ್ಕೆ ಬರಬಾರದು, ತಾವು ಕುರ್ಚಿಯಲ್ಲಿ ಇರುತ್ತೇವೆ, ಆದರೆ ಒಂದು ಮಾತನ್ನೂ ಆಡುವುದಿಲ್ಲ ಎಂದರು. ದುಂಡಪ್ಪನವರು ಇಂಥ ನಿಷ್ಪಕ್ಷಪಾತಿಗಳು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ ಎಂದು ಹೊಗಳಿದರು. ಅಕ್ಕಾ, ಸತ್ಯ ಗೊತ್ತಿದ್ದವರ ಬಾಯಿಗೆ ಅವರ ದೊಡ್ಡತನವೇ ಬೀಗ ಹಾಕಿತು. ಎಲ್ಲರೂ ತಲೆದೂಗಿದರು.

ಸಂಗವ್ವ ಪರದೆಯ ಒಳಗೆ ಕೂರಲಿಲ್ಲ. ಪರದೆಯನ್ನು ಬದಿಗೆ ಸರಿಸಿ ಮೂವರ ಮುಂದೆ ಬಂದು ನಿಂತಳು. ನಾಚಿಕೆ ಇಲ್ಲವೇ ಎಂದು ದುಂಡಪ್ಪನವರು ಕೇಳಿದರು.

“ನಾಚಿಕಿ ಪಡೂದು ನಾನಾ ಏನ್ರಿ?” ಎಂದಳು. “ಡಾಕ್ಟರ ಯಾಕ ಬರಲಿಲ್ಲ ಅಂತ ನನ್ನ ಕೇಳ್ತೀರಿ. ಡಾಕ್ಟರ ಇಲ್ಲೇ ಕುಂತಾರಲ್ಲ, ಅವರ್ನ ಕೇಳ್ರಿ. ಅವತ್ತೂ ಇಲ್ಲೇ ಕುಂತಿದ್ರು.”

ಬಾಳಕೃಷ್ಣಪಂತರು ಮೇಜಿನ ಮೇಲಿನ ತಮ್ಮ ಕೈಗಳನ್ನು ನೋಡುತ್ತ, “ಸಂಜೀತನಾ ನನಗ ಯಾವ ಸುದ್ದೀನೂ ಮುಟ್ಟಿರಲಿಲ್ಲ” ಎಂದರು. ಇದು ಸುಳ್ಳಲ್ಲ ನೋಡು. ಒಂದಕ್ಷರವೂ ಸುಳ್ಳಲ್ಲ.

ತನ್ನ ತಮ್ಮ ಮೆಟ್ಟಿಲ ಕೆಳಗೆ ಕುಳಿತಿದ್ದಾನೆ, ಕರೆಸಿ ಕೇಳಿರಿ ಎಂದಳು ಸಂಗವ್ವ. ಒಡಹುಟ್ಟಿದವರ ಸಾಕ್ಷಿ ನಡೆಯುವುದಿಲ್ಲ, ಅಧ್ಯಕ್ಷರೇ ಮಾಡಿದ ನಿಯಮ ಎಂದು ವಕೀಲರು ತಿಳಿಸಿದರು. ಆಕೆ ತಾತ್ಯಾರ ಕಡೆಗೆ ತಿರುಗಿ ಬಹಳ ಹೊತ್ತು ನೋಡಿದಳು. ತಾತ್ಯಾ ಕಿಟಕಿಯ ಆಚೆ ನೋಡುತ್ತಿದ್ದರು.

“ಸುಮ್ನ ಕುಂತ್ರ ಹೊಗಳ್ತಾರ ಅಂತ ಗೊತ್ತಿದ್ರ ನಾನೂ ಸುಮ್ನ ಕುಂಡ್ರತಿದ್ನಿ” ಎಂದು ಸೆರಗಿನ ಮೇಲಿನ ಬಿಲ್ಲೆಯನ್ನು ತಾನೇ ಬಿಚ್ಚಿ ಮೇಜಿನ ಮೇಲಿಟ್ಟಳು. ಯಾರೂ ಕೇಳುವ ಮೊದಲೇ.

ನಾನು ಎಲ್ಲಿದ್ದೆ ಎಂದು ಕೇಳುವೆಯಾ? ಪರದೆಯ ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು. ಆಕೆ ತಾನೇ ಮಾತಾಡುತ್ತಿದ್ದಳು, ಹೊರಲು ನನಗೆ ಮಾತು ಇರಲಿಲ್ಲ, ಸ್ವಂತ ಮಾತಿಗೆ ಅಪ್ಪಣೆ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸಭೆ ಮುಗಿದು ಇಳಿಯುವಾಗ ಭರಮಪ್ಪ ಮೆಟ್ಟಿಲ ಬಳಿ ಎದ್ದು ದಾರಿ ಬಿಟ್ಟ.

“ಅವತ್ತಿನ ಚಹಾ ಬಾಳ ಚಲೋ ಇತ್ರಿ, ಅಕ್ಕಾರ” ಎಂದ.

ಅಂದಿನಿಂದ ನಾನು ಚಹಾ ಮುಟ್ಟಿಲ್ಲ. ಇದರಿಂದ ಯಾರಿಗೂ ಏನೂ ಲಾಭವಿಲ್ಲ ಎಂದು ನನಗೂ ಗೊತ್ತು.

ಈಗ ಖಾನಾಪುರದಲ್ಲಿ ಸಂಗವ್ವನನ್ನು ಯಾರೂ ಕರೆಯುತ್ತಿಲ್ಲವೆಂದು ಕೇಳಿದೆ. ಮಗು ಕೊಂದವಳು ಎಂದು ನೀರಿನ ಬಾವಿಯ ಹತ್ತಿರ ಹೆಂಗಸರು ಹಿಂದೆ ಸರಿಯುತ್ತಾರಂತೆ. ಆದ್ದರಿಂದ ನೀನು ನಿನಗೊಬ್ಬಳಿಗೇ ತಿಳಿಸು ಎಂದದ್ದನ್ನು ನಡೆಸಿಕೊಡಲು ನನ್ನಿಂದ ಆಗುವುದಿಲ್ಲ. ದೀಪಾವಳಿಯಾದ ಮೇಲೆ ಮುಂದಿನ ಸಭೆ. ಆ ದಿನ ನಾನು ಪರದೆಯ ಈಚೆಗೆ ಬಂದು, ಭರಮಪ್ಪ ಬಂದಿದ್ದ, ಬಾಗಿಲು ತೆರೆದವಳು ನಾನು ಎಂದು ಹೇಳುವವಳಿದ್ದೇನೆ. ಮಗಳ ಸಾಕ್ಷಿ ನಡೆಯುವುದಿಲ್ಲ ಎಂದರೆ ಆ ನಿಯಮದ ಎದುರೇ ಹೇಳುತ್ತೇನೆ. ನಿನಗೆ ಮನಸ್ಸು ಬಂದರೆ ನೀನೂ ಮಂಡಳಿಗೆ ಒಂದು ಕಾಗದ ಬರೆ. ತಾಯಿಯ ಮಾತನ್ನು ಅವರು ಪಕ್ಕಕ್ಕಿಡಲಾರರು. ಬರೆಯದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ.

ತಾತ್ಯಾರಿಗೆ ನಿನ್ನೆ ಊಟಕ್ಕೆ ಬಡಿಸುವಾಗ ಇದನ್ನೆಲ್ಲ ಹೇಳಿದೆ. ಕೈ ಅನ್ನದಲ್ಲೇ ನಿಂತಿತು. “ಹೇಳು. ನಾ ತಡಿಯೂದಿಲ್ಲ” ಎಂದರು. ಮತ್ತೆ ಅನ್ನ ಕಲಸುತ್ತ, “ಆದ್ರ ಅವತ್ತ ನಾ ನ್ಯಾಯ ಬಿಟ್ಟು ನಡೀಲಿಲ್ಲ, ಕುಮುದಾ” ಎಂದರು. ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದರು. ಆಮೇಲೆ ಅವರ ಕೋಣೆಯಲ್ಲಿ ಪೆಟ್ಟಿಗೆ ತೆರೆದ ಸದ್ದಾಯಿತು. ಇಣುಕಿ ನೋಡಿದೆ. ಆ ಹಸಿರು ಖಣದ ಕುಂಚಗಿಯನ್ನು ಮೊಣಕಾಲಿನ ಮೇಲೆ ಹರವಿ ಅಂಚನ್ನು ಬೆರಳಿನಿಂದ ನೇವರಿಸುತ್ತಿದ್ದರು. ಅಕ್ಕಾ, ಅವರ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟ.

ಅತ್ತೆಯವರಿಗೆ, ಭಾವನವರಿಗೆ ನಮಸ್ಕಾರ ತಿಳಿಸು ಎಂದು ಬರೆಯಬೇಕು, ಬರೆದಿದ್ದೇನೆ. ನಿನ್ನ ಮೈ ಗಟ್ಟಿಯಾಗಲಿ, ದೇವರು ನಿನಗೆ ನಿದ್ದೆ ಕೊಡಲಿ. ಚಿಕ್ಕವಳಾಗಿ ನಿನ್ನ ಆಶೀರ್ವಾದ ಕೇಳಬೇಕಾದ ಜಾಗದಲ್ಲಿ ಈ ಸಲ ಏನೂ ಕೇಳುವುದಿಲ್ಲ.

ನಿನ್ನ
ಕುಮುದಿನಿ

ತಾ.ಕ.: ಕಾಗದ ಮಡಿಚಿದ್ದೆ, ಮತ್ತೆ ಬಿಚ್ಚಿದೆ. ತಾತ್ಯಾರಿಗೆ ಅದು ಯಾರ ಹೆರಿಗೆ ಎಂದು ತಿಳಿದಿತ್ತೇ ಎಂದು ನೀನು ಕೇಳದೆ ಇರುವುದಿಲ್ಲ. ತಿಳಿದಿತ್ತು. ಬಾಗಿಲಲ್ಲಿ ನಿನ್ನ ಹೆಸರನ್ನು ನನಗೊಬ್ಬಳಿಗೇ ಹೇಳಿ, ಭರಮಪ್ಪ ಮೇಲೆ ಹೇಳಿಕಳಿಸಿದ್ದು “ಖಾನಾಪುರದಾಗ ಒಂದ ಹೆಣ್ಣಮಗಳಿಗೆ ಕಷ್ಟ ಆಗೇತಿ ಅನ್ರಿ, ಸಾಕು” ಎಂದಷ್ಟೆ. ಹೆಸರು ಹೇಳಿದರೆ ತಾತ್ಯಾ ಇನ್ನೂ ಬೇಗ ಏಳುತ್ತಾರೆ ಎಂದು ಎಣಿಸಿ ಅವರ ಕಿವಿಯಲ್ಲಿ “ನಮ್ಮ ಕುಂದಕ್ಕಗ” ಎಂದವಳು ನಾನು. ಏಳಲು ಕುರ್ಚಿಯ ಕೈ ಹಿಡಿದಿದ್ದವರು ಆ ಹೆಸರು ಕೇಳಿ ಮತ್ತೆ ಕುಳಿತರು. “ನಮ್ಮ ಮನೀ ಸಲುವಾಗಿ ಸಭಾ ಮುರೀಬಾರದು” ಎಂದರು. ನೀನು ಯಾರೋ ಒಬ್ಬಳಾಗಿದ್ದರೆ ಅವರು ಡಾಕ್ಟರರನ್ನು ಕಳಿಸುತ್ತಿದ್ದರು, ಅಕ್ಕಾ.