ಪಕ್ಕದ ಸೀಟಿನ ಭಾರ

ಅಕ್ಟೋಬರ್ ೧೨, ಬೆಳಗ್ಗೆ

ಪ್ರೀತಿಯ ಅಕ್ಕನಿಗೆ,

ಇಷ್ಟು ದಿನ ಉತ್ತರ ಬರೆಯದೆ ಕೂತಳೆಂದು ಬೈಯಬೇಡ. ನಿನ್ನ ಮೊಣಕಾಲು ನೋವು ಇಳಿದಿದೆ ಎಂದು ಓದಿ ಸಮಾಧಾನವಾಯಿತು. ನಾನು ಗಟ್ಟಿಯಾಗಿದ್ದೇನೆ, ಗ್ಯಾರೇಜೂ ನಡೆಯುತ್ತಿದೆ, ಮನಸ್ಸು ಮಾತ್ರ ಹೇಸಿಹೋಗಿದೆ.

"ಬೇರೆ ಆಗೋ ಮಾತು ಆಮೇಲೆ. ಮೊದ್ಲು ಇಬ್ರೂ ಒಟ್ಟಿಗೆ ಒಂದು ರೇಸ್ ಓಡ್ಸಿ ಬನ್ನಿ" ಎಂದು ನನ್ನನ್ನೂ ಯಜಮಾನರನ್ನೂ ಕೂರಿಸಿ ಹೇಳಿದವಳು ನೀನೇ. ಅವರು ಸ್ಟೀರಿಂಗ್ ಹಿಡಿಯುವುದು, ನಾನು ಪಕ್ಕದಲ್ಲಿ ಕೂತು ತಿರುವು ಹೇಳುವುದು ಮದುವೆಗೂ ಮುಂಚಿನ ರೂಢಿ. ಆಸೆಯಿಂದಲೇ ಒಪ್ಪಿದೆ. ಅದಕ್ಕೆಂದೇ ಕಾರಿಗೆ ಹೊಸ ಸ್ವೇ ಬಾರ್ ಹಾಕುವುದೆಂದಾಯಿತು. ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಅದು ತಿರುವಿನಲ್ಲಿ ಕಾರು ವಾಲದಂತೆ ಎಡಬಲದ ಚಕ್ರಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಸಲಾಕೆ.

ಆರಿಸುವಾಗಲೇ ಶುರುವಾಯಿತು. ಹಿಂದಿನ ಚಕ್ರಗಳಿಗೆ ತೀರಾ ದಪ್ಪದ್ದು ಬೇಡ, ಒದ್ದೆ ರಸ್ತೆಯಲ್ಲಿ ಕಾರಿನ ಬಾಲ ತಿರುಗುತ್ತದೆ ಎಂದೆ. ಯಜಮಾನರು ತಂದದ್ದು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದಪ್ಪದ್ದು, ಕಡುಕೆಂಪು ಬಣ್ಣದ್ದು. ಊಟದ ಮೇಜಿನ ಮೇಲಿಟ್ಟು ಬಂದವರಿಗೆಲ್ಲ ತೋರಿಸಿದರು. ಅದನ್ನು ಉಜ್ಜಿದ ಬಟ್ಟೆಯಲ್ಲೇ ತಟ್ಟೆಯನ್ನೂ ಒರೆಸಿದರು. ಆ ಎಣ್ಣೆಯ ವಾಸನೆಗೆ ತಟ್ಟೆ ಪಕ್ಕಕ್ಕೆ ಸರಿಸಿದೆ.

ಅದನ್ನು ಕಾರಿಗೆ ಕೂರಿಸಿದ್ದು ಅವರ ಬಾಯಿಬಡುಕ ಗೆಳೆಯ. ಸಲಾಕೆಯ ತುದಿಯನ್ನು ಚಕ್ರದ ತೋಳಿಗೆ ಸೇರಿಸುವ ಮೋಟು ಕೊಂಡಿಗಳಿರುತ್ತವೆ, ಎಂಡ್‌ಲಿಂಕ್ ಅನ್ನುತ್ತೇವೆ. ಕಾರು ಗ್ಯಾರೇಜಿನ ಎತ್ತುವ ಲಿಫ್ಟಿನಲ್ಲಿ ನೇತಾಡುತ್ತಿರುವಾಗಲೇ, ಎಡಕ್ಕೊಂದು ಉದ್ದ ಬಲಕ್ಕೊಂದು ಉದ್ದ ಮಾಡಿ ಬಿಗಿದಿದ್ದ ಪುಣ್ಯಾತ್ಮ. ಕೆಳಗಿಳಿಸಿದರೆ ಒಂದು ಮೂಲೆ ಎದ್ದು ನಿಂತಿತ್ತು. "ಬಣ್ಣ ನೋಡಿ ಮೇಡಂ, ಹೆಂಗ್ ಹೊಳೀತಿದೆ" ಎಂದು ಹಲ್ಲು ಕಿರಿದ. ಯಜಮಾನರೂ ನಕ್ಕರು. ಇಬ್ಬರ ಮುಖ ನೋಡಿ ಹೇಸಿಗೆಯಾಯಿತು.

"ಸರೀರಿ ಆ ಕಡೆ" ಎಂದು ನಾನೇ ಕೆಳಗೆ ನುಗ್ಗಿದೆ. ಹಿಂಬದಿಯ ಕೆಂಪು ಸಲಾಕೆ ಕಿತ್ತು ಹಳೆಯದನ್ನೇ ಹಾಕಿ, ಕೊಂಡಿಗಳನ್ನು ಸಡಿಲ ಬಿಟ್ಟೆ. ಅವನ್ನು ಬಿಗಿಯುವಾಗ ಕಾರು ನೆಲದ ಮೇಲಿರಬೇಕು, ಓಡುವಾಗ ಯಾರಿರುತ್ತಾರೋ ಅವರೇ ಒಳಗಿರಬೇಕು. ಪ್ರತಿ ಸಲವೂ ನಾವಿಬ್ಬರೂ ಹೆಲ್ಮೆಟ್ ಹಾಕಿಕೊಂಡು ಕೂರುತ್ತಿದ್ದೆವು, ನಮ್ಮಿಬ್ಬರ ಭಾರಕ್ಕೆ ಗ್ಯಾರೇಜಿನ ಹುಡುಗರು ಕೊಂಡಿಯ ಉದ್ದ ಹೊಂದಿಸುತ್ತಿದ್ದರು. ಈ ಸಲವೂ ನನ್ನ ಹೆಲ್ಮೆಟ್ ಒರೆಸಿ ಇಟ್ಟುಕೊಂಡಿದ್ದೆ.

ಅಂತೂ ಕೊಂಡಿ ಬಿಗಿದಾಯಿತು, ಕಾರು ಸಿದ್ಧವಾಗಿದೆ. ರೇಸ್ ಬರುವ ವಾರ. ನೋಡಲು ಬರುತ್ತೇನೆ ಎಂದಿದ್ದೀಯ, ಆ ಕಾಲು ಎಳೆದುಕೊಂಡು ಬರಬೇಡ. ನಿನ್ನ ಮಕ್ಕಳಿಗೆ ಓದು ತಲೆಗೆ ಹತ್ತಲಿ, ಜಗಳ ಕಡಿಮೆಯಾಗಲಿ. ನಿನಗೆ ಒಳ್ಳೆಯ ನಿದ್ದೆ ಬರಲಿ.

ನಿನ್ನ
ಪುಟ್ಟಿ

ಮತ್ತೆ: ಬೇಡವೆಂದುಕೊಂಡರೂ ಬರೆಯುತ್ತಿದ್ದೇನೆ. ನಾನು ಹೆಲ್ಮೆಟ್ ಹಾಕಿಕೊಂಡು ಬಾಗಿಲಿಗೆ ಕೈಯಿಟ್ಟಾಗ ಅವರು ಒಳಗೆ ಕೂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದರು. "ನೀನು ಕೂರ್ಬೇಡ. ಆ ಸೀಟು ಖಾಲಿ ಇರ್ಲಿ. ನನ್ನೊಬ್ಬನ ಭಾರಕ್ಕೆ ಸೆಟ್ ಮಾಡ್ಬಿಡು" ಎಂದರು. ನಾನು ಹೆಲ್ಮೆಟ್ ತೆಗೆದಿಟ್ಟು, ಮತ್ತೆ ಕಾರಿನಡಿ ಮಲಗಿ, ಅವರೊಬ್ಬರ ಭಾರಕ್ಕೆ ಹೊಂದಿಸಿ ಬಿಗಿದೆ. ಕೂದಲೆಳೆಯಷ್ಟೂ ತಪ್ಪಿಲ್ಲ ಅಕ್ಕ. ಎಲ್ಲಕ್ಕಿಂತ ಅಸಹ್ಯವಾಗುತ್ತಿರುವುದು ಅದನ್ನು ಅಷ್ಟು ಚೆನ್ನಾಗಿ ಮಾಡಿದ ನನ್ನ ಕೈ ನೋಡಿ.