ಎಡಗಡೆಯ ಕುರ್ಚಿ

ಚೈತನ್ಯಾ,

ಇವತ್ತು ಹನ್ನೆರಡನೆಯ ತರಗತಿಯ ಐಟಿ ಪ್ರಾಕ್ಟಿಕಲ್ ಪರೀಕ್ಷೆ ಮುಗಿಯಿತು. ಕಳೆದ ವರ್ಷ ಡೊಂಬಿವಲಿಯ ಇದೇ ಲ್ಯಾಬಿನಲ್ಲಿ ನಮ್ಮಿಬ್ಬರಿಗೆ ಒಂದೇ ಕಂಪ್ಯೂಟರ್. ಎಡಗಡೆ ಕೂತು ನಾನು ಕೋಡ್ ಓದಿ ಹೇಳುತ್ತಿದ್ದೆ, ನೀನು ಟೈಪ್ ಮಾಡುತ್ತಿದ್ದೆ. ಅಂಬರನಾಥ ದೇವಸ್ಥಾನದ ವೆಬ್‌ಪೇಜ್ ಆದದ್ದು ಹಾಗೆಯೇ. "ಯಾರು ಮಾಡಿದ್ದು?" ಎಂದು ಸರ್ ಕೇಳಿದಾಗ ಮಾತ್ರ ನಾನು, "ನಾನೇ ಸರ್" ಎಂದುಬಿಟ್ಟೆ. ನೀನಾದರೂ ಬೈಯಬೇಕಿತ್ತು. ನೀನು ಇಲ್ಲಿ ಬಿಟ್ಟು ಠಾಣೆ ನಗರದ ಕಾಲೇಜಿಗೆ ಸೇರಿಕೊಂಡೆ.

ಪರೀಕ್ಷೆಯಲ್ಲಿ ಒಬ್ಬರಿಗೊಂದು ಕಂಪ್ಯೂಟರ್. ಆದರೂ ಕುರ್ಚಿಯನ್ನು ಎಡಕ್ಕೆ ಎಳೆದು ಕೂತು, ಕೋಡನ್ನು ಒಂದೊಂದೇ ಸಾಲು ಬಾಯಿಬಿಟ್ಟು ಹೇಳತೊಡಗಿದ್ದೆ. ಕಲ್ಯಾಣದಿಂದ ಬಂದಿದ್ದ ಪರೀಕ್ಷಕರು ಹತ್ತಿರ ಬಂದು, ಪಕ್ಕದ ಖಾಲಿ ಜಾಗ ನೋಡಿದರು.

"ಕಿಸ್ಕೋ ಬತಾ ರಹೀ ಹೋ?"

ಯಾರಿಗೆ ಹೇಳಿಕೊಡುತ್ತಿದ್ದೇನೆಂದು ನನಗೆ ಗೊತ್ತಿತ್ತು.

"ಕಿಸೀಕೋ ನಹೀಂ, ಸರ್," ಯಾರಿಗೂ ಇಲ್ಲ ಎಂದೆ.

ನಿನ್ನ ಹೆಸರು ಈ ಸಲವೂ ಹೇಳಲಿಲ್ಲ.

ದಿಶಾ